ಕಡಲ ಗಡಿಯಾರ ನೋಡಿ ಹೊರಡಿ

ದಸರೆ ರಜೆ ಹತ್ತಿರವಾದರೆ ಸಾಕು, ಕರಾವಳಿ ಪ್ರವಾಸದ ಪ್ರಶ್ನೆಗಳು ಬರತೊಡಗುತ್ತವೆ. ಮೇ ಕೊನೆಯವರೆಗೂ ನಿಲ್ಲುವುದಿಲ್ಲ. ಎಲ್ಲಿಗೆ ಹೋಗಬೇಕು ಎಂದು ಕೇಳುವವರೇ ಎಲ್ಲ, ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳುವವರು ಅಪರೂಪ. ಆದರೆ ಅಲ್ಲಿ ದಿನ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿಯೇ. ಈ ಸಲ ಆಯ್ದ ಪತ್ರಗಳು ಇಲ್ಲಿವೆ.

● ಎರಡು ದಿನ ಬಿಡುವಿದೆ. ಕಾರಿನಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಮ್ಮ. ಉಡುಪಿ, ಸೇಂಟ್ ಮೇರಿಸ್ ದ್ವೀಪ, ಮುರ್ಡೇಶ್ವರ, ಗೋಕರ್ಣ, ಕಾರವಾರ ಇಷ್ಟನ್ನೂ ನೋಡಿ ಬರಬಹುದೇ? – ದಾವಣಗೆರೆ

ಹೋಗಿ ಬರಬಹುದು, ನೋಡುವುದೆಲ್ಲ ಕಾರಿನ ಕಿಟಕಿಯಿಂದ. ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೇ ಸುಮಾರು 225 ಕಿ.ಮೀ. ಉಡುಪಿಯಿಂದ ಗೋಕರ್ಣ ಇನ್ನು 180, ಅಲ್ಲಿಂದ ಕಾರವಾರ ಮತ್ತೆ 60. ಪಟ್ಟಿಯಲ್ಲಿರುವ ಐದರಲ್ಲಿ ಮೂರನ್ನು ಇನ್ನೊಂದು ರಜೆಗೆ ಇಡಿ. ಈ ಸಲ ಉಡುಪಿಯಲ್ಲೇ ಉಳಿದುಕೊಳ್ಳಿ.

ಮೊದಲ ದಿನ ಬೆಳಗಿನ ಐದಕ್ಕೆ ಹೊರಡಿ. ತೀರ್ಥಹಳ್ಳಿಯಲ್ಲಿ ತಿಂಡಿ, ಆದರೆ ಮಕ್ಕಳಿಗೆ ಅರ್ಧ ಹೊಟ್ಟೆ ಸಾಕು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳೆಸುವುದು ಮಾಮೂಲು. ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ. ಬ್ರೇಕನ್ನೇ ನಂಬಿ ಇಳಿದರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತದೆ. ಬಂದರೆ ಅಗಲವಾದ ಜಾಗ ನೋಡಿ ಕಾಲು ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಎರಚಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಹನ್ನೊಂದು, ಹನ್ನೊಂದೂವರೆಗೆ ಉಡುಪಿ. ರಥಬೀದಿಯೊಳಗೆ ಕಾರು ಹೋಗದು, ಪಾರ್ಕಿಂಗಿನಿಂದ ಅಮ್ಮ ಸ್ವಲ್ಪ ನಡೆಯಬೇಕಾಗುತ್ತದೆ. ಕೃಷ್ಣನ ದರ್ಶನ ಒಂಬತ್ತು ತೂತುಗಳ ನವಗ್ರಹ ಕಿಂಡಿಯಿಂದ. ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ದರ್ಶನ ಮುಗಿಸಿ ಅಲ್ಲೇ ಪ್ರಸಾದದ ಊಟಕ್ಕೆ ಕೂತರೆ ಹೋಟೆಲು ಹುಡುಕುವ ಕೆಲಸ ಉಳಿಯುತ್ತದೆ. ಒಂದು ವಿಷಯ: 2024, 2026ರಂತೆ ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಉತ್ಸವ. ಅದರ ಹಿಂದುಮುಂದಿನ ದಿನಗಳಲ್ಲಿ ಉಡುಪಿಯಲ್ಲಿ ರೂಮು ಸಿಗುವುದೇ ಕಷ್ಟ. ಪರ್ಯಾಯವನ್ನೇ ನೋಡಲು ಬರುವುದಾದರೆ ಮಾತು ಬೇರೆ.

ಊಟವಾದ ಮೇಲೆ ಮೂರೂವರೆಯವರೆಗೆ ರೂಮಿನಲ್ಲಿ ಮಲಗಿ. ಇದನ್ನು ಒತ್ತಿ ಹೇಳುತ್ತಿದ್ದೇವೆ. ಘಟ್ಟದ ಮೇಲಿನಿಂದ ಬಂದವರು ಬಯಲುಸೀಮೆಯ ಬಿಸಿಲು ಕಂಡವರು ನಾವು ಎಂದುಕೊಂಡು ಮಧ್ಯಾಹ್ನ ಬೀಚಿಗೆ ಇಳಿಯುತ್ತಾರೆ. ಕರಾವಳಿಯಲ್ಲಿ ಸೆಖೆಯ ಬಾಧೆ ಬಿಸಿಲಿಗಿಂತ ಹೆಚ್ಚು. ಗಾಳಿಯಲ್ಲಿ ತೇವವಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಸಂಜೆ ಹೊತ್ತಿಗೆ ಮಕ್ಕಳಿಗೆ ತಲೆನೋವು ಹತ್ತುವುದು ಇದರಿಂದಲೇ.

ನಾಲ್ಕಕ್ಕೆ ಕಾಪುವಿಗೆ ಹೊರಡಿ, ಹದಿನೈದು ಕಿ.ಮೀ. ಒಳಗೇ. ಬಂಡೆಯ ಮೇಲಿನ ಅಲ್ಲಿನ ದೀಪಸ್ತಂಭ 1901ರದು, 27 ಮೀಟರ್ ಎತ್ತರ. ಒಳಗೆ ಬಿಡುವುದು ಸಂಜೆಯ ಗೊತ್ತಾದ ಹೊತ್ತಿನಲ್ಲಿ ಮಾತ್ರ. ಮೇಲಿನ ಮೆಟ್ಟಿಲು ಇಕ್ಕಟ್ಟು, ಅಮ್ಮ ಕೆಳಗೆ ಕೂತು ಸೂರ್ಯಾಸ್ತ ನೋಡಲಿ. ಅವರಿಗೆ ಕಾಣುವುದೂ ಅದೇ ಸೂರ್ಯ.

ಎರಡನೇ ದಿನ ಬೆಳಿಗ್ಗೆ ಎಂಟೂವರೆಗೆ ಮಲ್ಪೆಯಲ್ಲಿರಿ, ಮೊದಲ ಬೋಟುಗಳಲ್ಲೊಂದು ಹಿಡಿದು ದ್ವೀಪ ನೋಡಿ ಹನ್ನೆರಡರೊಳಗೆ ದಡಕ್ಕೆ ಬನ್ನಿ. ಬೋಟು ಹತ್ತಿ ಇಳಿಯುವಾಗ ಮೊಣಕಾಲಿನಷ್ಟು ನೀರಿಗೆ ಕಾಲಿಡಬೇಕಾಗಬಹುದು. ಅಮ್ಮನಿಗೆ ಮಂಡಿನೋವಿದ್ದರೆ ಅವರ ಜೊತೆ ಒಬ್ಬರು ಮಲ್ಪೆಯ ಸೀ ವಾಕ್‌ನಲ್ಲಿ ಉಳಿಯುವುದೇ ವಾಸಿ. ಊಟ ಮುಗಿಸಿ ಮೂರೂವರೆಗೆ ಉಡುಪಿ ಬಿಟ್ಟರೆ ಐದೂಕಾಲಕ್ಕೆ ಆಗುಂಬೆ. ನವೆಂಬರಿನಿಂದ ಜನವರಿಯೊಳಗೆ ಆಕಾಶ ತಿಳಿಯಾಗಿದ್ದರೆ ಮೇಲಿನ ಸೂರ್ಯಾಸ್ತ ಕಟ್ಟೆಯಿಂದ ದೂರದ ಕಡಲಿಗೆ ಸೂರ್ಯ ಇಳಿಯುವುದು ಕಾಣುತ್ತದೆ. ಮನೆ ಸೇರುವಾಗ ರಾತ್ರಿ ಹತ್ತೂವರೆ.

● ಸೇಂಟ್ ಮೇರಿಸ್ ದ್ವೀಪದಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ ಎಂದು ಹೋಗಿ ಬಂದವರು ಹೇಳುತ್ತಾರೆ. ನಿಜವೇ? – ಹುಬ್ಬಳ್ಳಿ

ನಿಜ. ಹೋಗುವುದೇ ಆ ಕಲ್ಲು ನೋಡಲು.

ದ್ವೀಪದ ಪಡುವಣ ಅಂಚಿಗೆ ಹೋಗಿ ಒಂದು ಕಂಬದ ತಲೆಯನ್ನು ಹತ್ತಿರದಿಂದ ನೋಡಿ. ಹೆಚ್ಚಿನವು ಆರು ಮೂಲೆಯವು, ಕೆಲವು ಐದು, ಏಳು. ಅಕ್ಕಪಕ್ಕದ ಕಂಬದ ನಡುವೆ ಬೆರಳು ತೂರದಷ್ಟು ಸಣ್ಣ ಸೀಳು. ಯಾರೋ ಕಲ್ಲುಕುಟಿಗರು ಕೆತ್ತಿ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಆದದ್ದು ಇಷ್ಟು: ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ಮೇಲಿನಿಂದ ಆರುತ್ತಾ ಬಂತು. ಆರಿದಂತೆ ಕುಗ್ಗಿತು, ಕುಗ್ಗಿದಂತೆ ಬಿರಿಯಿತು. ಬೇಸಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ವ್ಯತ್ಯಾಸವೆಂದರೆ ಇಲ್ಲಿ ಬಿರುಕು ಆಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾದವು. ಎತ್ತರದವು ಆರು ಮೀಟರಿನಷ್ಟಿವೆ. ಇವನ್ನು ಬಸಾಲ್ಟ್ ಎಂದು ಬರೆಯುವುದು ರೂಢಿ. ಭೂವಿಜ್ಞಾನಿಗಳ ಪ್ರಕಾರ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಹೆಸರಿಟ್ಟ ಎಂಬ ಐತಿಹ್ಯವನ್ನು ಬೋಟಿನಲ್ಲೇ ಯಾರಾದರೂ ಹೇಳುತ್ತಾರೆ.

ಕಾಲಿಗೆ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲಿಗೆ ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಒದ್ದೆಯಾಗಿ ಹಸಿರು ಅಥವಾ ಕಪ್ಪಾಗಿ ಹೊಳೆಯುವ ಕಲ್ಲಿಗೆ ಕಾಲಿಡಬೇಡಿ, ಒಣಗಿ ಬೂದುಬಣ್ಣಕ್ಕೆ ತಿರುಗಿರುವುದರ ಮೇಲೆ ಮಾತ್ರ ನಡೆಯಿರಿ. ಕಲ್ಲು ಒದ್ದೆಯಿದೆ ಎಂದರೆ ಅಲೆ ಅಲ್ಲಿಯವರೆಗೆ ಬಂದು ಹೋಗಿದೆ, ಇನ್ನೊಮ್ಮೆಯೂ ಬರುತ್ತದೆ. ಫೋಟೊ ತೆಗೆಸಿಕೊಳ್ಳುತ್ತಾ ಕಡಲಿಗೆ ಬೆನ್ನು ಹಾಕಿ ನಿಂತವರೇ ಇಲ್ಲಿ ಬೀಳುವುದು.

ಆಚೆ ಬದಿಯಲ್ಲಿ ಹೊಯಿಗೆಗಿಂತ (ಮರಳಿಗಿಂತ) ಚಿಪ್ಪೇ ಜಾಸ್ತಿ. ಮಕ್ಕಳು ಜೇಬು ತುಂಬಿಸಿಕೊಳ್ಳುತ್ತಾರೆ, ಬೋಟು ಹತ್ತುವ ಮೊದಲು ಖಾಲಿ ಮಾಡಿಸಿ. ತೆಂಗಿನ ಮರಗಳಿದ್ದರೂ ನೆರಳು ಕಡಿಮೆ, ಟೋಪಿ ಬೇಕು. ನೀರು ತಲೆಗೊಂದು ಲೀಟರ್, ಸ್ಟೀಲಿನ ಬಾಟಲಿಯಲ್ಲಿ. ಶೌಚಾಲಯದ ಕೆಲಸ ಮಲ್ಪೆಯಲ್ಲೇ ಮುಗಿಸಿ. ಟಿಕೆಟ್ ವಾಪಸು ಬರುವುದಕ್ಕೂ ಸೇರಿದ್ದು, ನೀರಲ್ಲಿ ನೆನೆಸಬೇಡಿ. ರಾತ್ರಿ ಉಳಿಯಲು ಬಿಡುವುದಿಲ್ಲ. ಮಳೆಗಾಲದಲ್ಲಿ ಬೋಟೇ ಇಲ್ಲ. ಉಳಿದ ದಿನಗಳಲ್ಲೂ ತೂಫಾನಿನ ಸೂಚನೆ ಬಂದರೆ ನಿಲ್ಲಿಸುತ್ತಾರೆ, ಆಗ ಕೌಂಟರಿನಲ್ಲಿ ಜಗಳ ಮಾಡಿ ಫಲವಿಲ್ಲ.

● ನಲವತ್ತೈದು ಮಕ್ಕಳನ್ನು ಒಂದು ದಿನ ಕಡಲು ತೋರಿಸಲು ಕರೆದೊಯ್ಯಬೇಕು. ನೀರಿಗಿಳಿಯದೆ ಅವರು ಸುಮ್ಮನಿರುವುದಿಲ್ಲ. ಯಾವ ಬೀಚು, ಏನು ಮುನ್ನೆಚ್ಚರಿಕೆ? – ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಈ ಪ್ರಶ್ನೆ ಕೇಳಿದ್ದೇ ಒಳ್ಳೆಯದಾಯಿತು, ಮೇಡಂ. ಮುರ್ಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಂಥದ್ದು ಆಗುವುದು ಎಲ್ಲೋ ನಡುಗಡಲಿನಲ್ಲಲ್ಲ, ದಡದ ಹತ್ತಿರವೇ.

ನಿಮಗೆ ಸರಿಹೋಗುವುದು ಹೊನ್ನಾವರದ ಕಾಸರಕೋಡು. ಜೋಗದ ಮೇಲೆ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಶರಾವತಿ ಸೇತುವೆ ದಾಟಿದೊಡನೆ ಕಾಸರಕೋಡು. ಪಡುಬಿದ್ರಿಯ ಬೀಚಿನ ಹಾಗೆ ಇದಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಇರುವಲ್ಲಿ ಜೀವರಕ್ಷಕರು ಇರಬೇಕು, ಈಜುವ ಜಾಗ ಗುರುತು ಮಾಡಿರಬೇಕು, ಬಟ್ಟೆ ಬದಲಿಸಲು, ಸ್ನಾನಕ್ಕೆ ಜಾಗ ಇರಬೇಕು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯುವುದು. ಬರೀ ಕೆಂಪು ಬಾವುಟವಿದ್ದರೆ ಇಳಿಯುವುದೇ ಇಲ್ಲ.

ಇನ್ನು ಸೆಳೆತದ ವಿಚಾರ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗಲು ದಾರಿ ಹುಡುಕುತ್ತದೆ. ಹೊಯಿಗೆಯ ದಿಬ್ಬದಲ್ಲಿ ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿಂದ ಕಾಲುವೆಯಂತೆ ಹೊರಕ್ಕೆ ನುಗ್ಗುತ್ತದೆ. ಮೇಲಿನಿಂದ ನೋಡಿದರೆ ಗೊತ್ತಾಗುತ್ತದೆ: ಎರಡೂ ಬದಿ ಅಲೆ ಬಿಳಿಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ ಕಪ್ಪಗೆ ಶಾಂತವಾಗಿರುತ್ತದೆ, ನೊರೆ ದಡಕ್ಕೆ ಬರುವ ಬದಲು ಹೊರಗೆ ಹೋಗುತ್ತಿರುತ್ತದೆ. ತಿಳಿಯದವರು ಅದೇ ಸಮಾಧಾನದ ಜಾಗ ಎಂದು ಅಲ್ಲಿಗೇ ಇಳಿಯುತ್ತಾರೆ. ಬಸ್ಸಿನಿಂದ ಇಳಿದೊಡನೆ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ಮಕ್ಕಳಿಗೇ ಆ ಪಟ್ಟಿ ಹುಡುಕಲು ಹೇಳಿ. ಪಾಠ ಅಲ್ಲೇ ಆಗಿಹೋಗುತ್ತದೆ.

ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಯುವುದು ಅದರ ವಿರುದ್ಧ ದಡಕ್ಕೆ ಈಜಿ ಸುಸ್ತಾಗಿ. ಸಿಕ್ಕಿಕೊಂಡವರು ಅಂಗಾತ ತೇಲಿ, ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಮೂವತ್ತು-ನಲವತ್ತು ಮೀಟರ್ ಪಕ್ಕಕ್ಕೆ ಹೋಗಿ, ಅಲೆ ಒಡೆಯುವ ಜಾಗದಿಂದ ಒಳಕ್ಕೆ ಬರಬೇಕು. ದಡದಲ್ಲಿದ್ದವರು ಬರಿಗೈಯಲ್ಲಿ ಹಾರಬಾರದು. ಒಬ್ಬರ ಹಿಂದೆ ಇನ್ನೊಬ್ಬರು ಹೋಗಿಯೇ ಒಂದು ಜೀವ ಹೋಗುವಲ್ಲಿ ನಾಲ್ಕು ಹೋಗುತ್ತವೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಏನಾದರೂ ಎಸೆಯಿರಿ.

ಮಕ್ಕಳನ್ನು ಮೂರು ತಂಡ ಮಾಡಿ, ಒಂದು ಸಲಕ್ಕೆ ಒಂದೇ ತಂಡ ನೀರಿಗೆ. ಎಂಟು ಮಕ್ಕಳಿಗೊಬ್ಬ ದೊಡ್ಡವರು, ಅವರು ನಿಲ್ಲುವುದು ಮಕ್ಕಳಿಗಿಂತ ಆಚೆ, ಕಡಲಿನ ಕಡೆ. ನೀರು ಮೊಣಕಾಲು ದಾಟಬಾರದು. ಜೋಡಿ ಜೋಡಿಯಾಗಿ ಕೈ ಹಿಡಿದುಕೊಳ್ಳಲಿ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರನ್ನೂ ದಡಕ್ಕೆ ಕರೆದು ಎಣಿಸಿ. ಚೂಡಿದಾರದ ದುಪಟ್ಟಾ, ಜೀನ್ಸ್ ಬೇಡ, ಒದ್ದೆಯಾದರೆ ಮಣಭಾರ. ತಿಳಿ ನೀಲಿ, ಬಿಳಿ ಬಟ್ಟೆಯೂ ಬೇಡ, ನೊರೆಯಲ್ಲಿ ಕಾಣುವುದಿಲ್ಲ. ಕೇಸರಿ, ಕೆಂಪು ಟೀ ಶರ್ಟ್ ಇದ್ದರೆ ಎಣಿಸುವುದು ಸುಲಭ. ಅಳಿವೆಯ ಬಳಿ, ಅಂದರೆ ನದಿ ಕಡಲಿಗೆ ಸೇರುವಲ್ಲಿ, ಯಾರನ್ನೂ ಇಳಿಸಬೇಡಿ.

ಬಿಸಿಲೇರಿದ ಮೇಲೆ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ಕಾಲುದಾರಿಗೆ ಕರೆದೊಯ್ಯಿರಿ. ಇಳಿತದ ಹೊತ್ತಾದರೆ ಕೆಸರಿನಿಂದ ಮೊಳೆಗಳಂತೆ ಎದ್ದ ಉಸಿರುಬೇರುಗಳು, ಏಡಿಗಳು ಎಲ್ಲ ಕಾಣುತ್ತವೆ. ಭರತ, ಅಂದರೆ ಉಬ್ಬರವಿದ್ದರೆ ಬರೀ ನೀರು.

● ಭರತ-ಇಳಿತದ ಹೊತ್ತನ್ನು ಮೊದಲೇ ತಿಳಿಯುವುದು ಹೇಗೆ? – ತುಮಕೂರು

ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಇದ್ದರೆ ಅಂದಾಜು ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮ ಕರಾವಳಿಯಲ್ಲಿ ಭರತ ಹಗಲು ಹನ್ನೊಂದು-ಹನ್ನೆರಡರ ಆಸುಪಾಸು, ಮತ್ತೆ ನಡುರಾತ್ರಿಗೆ. ಇಳಿತ ಬೆಳಿಗ್ಗೆ ಐದಾರಕ್ಕೆ, ಸಂಜೆಯೂ ಅದೇ ಹೊತ್ತಿಗೆ. ಅಲ್ಲಿಂದ ತಿಥಿಗೆ ಸುಮಾರು 50 ನಿಮಿಷ ಸೇರಿಸುತ್ತಾ ಹೋಗಿ. ಪಂಚಮಿಗೆ ನಾಲ್ಕು ಗಂಟೆ ಮುಂದೆ ಹೋಗುತ್ತದೆ: ಇಳಿತ ಬೆಳಿಗ್ಗೆ ಒಂಬತ್ತೂವರೆ-ಹತ್ತು, ಭರತ ಮಧ್ಯಾಹ್ನ ಮೂರೂವರೆ-ನಾಲ್ಕು. ಬಂಡೆಗಳ ನಡುವಿನ ಹೊಂಡದಲ್ಲಿ ಮೀನು, ಏಡಿ ನೋಡಬೇಕೆನ್ನುವವರಿಗೆ ಚೌತಿ-ಪಂಚಮಿಯ ಬೆಳಗು ಚೆನ್ನ. ಅಷ್ಟಮಿಯ ಹೊತ್ತಿಗೆ ಏರಿಳಿತವೇ ಕಡಿಮೆ. ಹುಣ್ಣಿಮೆ-ಅಮಾವಾಸ್ಯೆಗೆ ನೀರು ಒಂದೂವರೆ ಮೀಟರಿನ ಆಸುಪಾಸು ಏರಿಳಿಯುತ್ತದೆ, ಕಾರವಾರದ ಕಡೆ ಇನ್ನೂ ಸ್ವಲ್ಪ ಹೆಚ್ಚು. ದಿನದ ಎರಡು ಭರತಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಹಾಗಾಗಿ ಇದು ರಜೆಯ ದಿನ ಆರಿಸಲು ಸಾಕು. ಕಡಲಂಚಿನಲ್ಲಿ ಬಂಡೆ ಸುತ್ತಿ ಹೋಗುವುದಾದರೆ ಆ ದಿನದ ಬಂದರಿನ ಪಟ್ಟಿಯನ್ನೇ ನೋಡಿ.

● ಮರವಂತೆಯಲ್ಲಿ ಕಾರು ನಿಲ್ಲಿಸಿ ಆಡಬಹುದೇ? – ಹಾಸನ

ನಿಲ್ಲಿಸಿ ನೋಡಿ, ನೀರಿಗಿಳಿಯಬೇಡಿ. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕೂಗಳತೆಯಲ್ಲಿ ಕಡಲಿದ್ದರೂ ಸೇರದೆ ತಿರುಗಿಕೊಂಡ ನದಿ ಗಂಗೊಳ್ಳಿಯ ಅಳಿವೆಯವರೆಗೆ ಹೋಗಿ ಕೂಡುತ್ತದೆ. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಸಂದಿಯಲ್ಲಿ ಅಲೆಯ ಪೆಟ್ಟು ಜೋರು, ಕಾಲು ಸಿಕ್ಕಿಬಿದ್ದರೆ ತೆಗೆಯಲು ಪುರಸೊತ್ತು ಕೊಡುವುದಿಲ್ಲ. ಹೆದ್ದಾರಿ ದಾಟುವಾಗ ಮಕ್ಕಳ ಕೈ ಬಿಡಬೇಡಿ. ಇಲ್ಲಿ ಅಲೆಯಷ್ಟೇ ಲಾರಿಗೂ ಹೆದರಬೇಕು.

● ಗೋಕರ್ಣದಲ್ಲಿ ಬೀಚಿಂದ ಬೀಚಿಗೆ ನಡೆದು ಹೋಗುವ ದಾರಿಯಿದೆಯಂತೆ. ಅರ್ಧ ದಿನ ಸಾಕೇ? – ಕಲಬುರಗಿ

ಸಾಕು, ಬೆಳಿಗ್ಗೆ ಏಳಕ್ಕೆ ಹೊರಟರೆ. ಗೋಕರ್ಣದ ದೊಡ್ಡ ಬೀಚು, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ – ಇದು ಕ್ರಮ. ಪೂರ್ತಿ ನಡೆದರೆ ಐದಾರು ಕಿ.ಮೀ. ಒಂದೊಂದು ಗುಡ್ಡಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ. ಓಂವರೆಗೆ ರಸ್ತೆಯಿದೆ, ಅಂಗಡಿಗಳಿವೆ. ಅದರಾಚೆಗೆ ನೀರಿನ ನೆಚ್ಚಿಗೆ ಇಟ್ಟುಕೊಳ್ಳಬೇಡಿ, ಓಂನಲ್ಲೇ ತಲೆಗೆ ಎರಡು ಲೀಟರ್ ತುಂಬಿಸಿಕೊಳ್ಳಿ.

ದಾರಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಒಣಗಿದ್ದಾಗ ಅದರ ಮೇಲಿನ ಗೋಲಿಯಂಥ ಹರಳು ಕಾಲಡಿಗೆ ಉರುಳುತ್ತದೆ, ಇಳಿಯುವಾಗ ಜಾರುವುದು ಇದರಿಂದಲೇ. ಹೆಜ್ಜೆ ಅಡ್ಡಡ್ಡ ಇಟ್ಟು ಇಳಿಯಿರಿ. ಹಾಫ್ ಮೂನ್‌ನಿಂದ ಪ್ಯಾರಡೈಸಿಗೆ ಹೋಗುವಾಗ ದಾರಿ ಕವಲೊಡೆಯುತ್ತದೆ. ಕಡಲಂಚಿನದು ಹತ್ತಿರ ಎಂದು ಕಂಡರೂ ಬಂಡೆಗೆ ಹೋಗಿ ನಿಲ್ಲುತ್ತದೆ. ತುಳಿದು ನುಣುಪಾದ, ಮೇಲಕ್ಕೆ ಏರುವ ದಾರಿ ಹಿಡಿಯಿರಿ. ವಾಪಸು ಬೋಟಿನಲ್ಲಿ ಬರುವ ಯೋಚನೆಯಿದ್ದರೆ ಹೋಗುವಾಗಲೇ ಓಂ ಬೀಚಿನಲ್ಲಿ ಬೋಟಿನವರ ಹತ್ತಿರ ದರ, ಹೊತ್ತು ಎರಡೂ ಮಾತಾಡಿಕೊಳ್ಳಿ. ಸಂಜೆ ಪ್ಯಾರಡೈಸಿನಲ್ಲಿ ಸಿಕ್ಕಿಕೊಂಡವರಿಗೆ ಚೌಕಾಸಿ ನಡೆಯುವುದಿಲ್ಲ. ಸೂರ್ಯಾಸ್ತ ಅಲ್ಲೇ ನೋಡುತ್ತೇವೆ ಎಂದು ಕೂತು, ಮೊಬೈಲಿನ ಬೆಳಕಿನಲ್ಲಿ ಗುಡ್ಡ ಹತ್ತುವುದು ಮಾತ್ರ ಬೇಡ. ಸೂರ್ಯಾಸ್ತ ಕುಡ್ಲೆಯಲ್ಲೂ ಆಗುತ್ತದೆ.

ಮಹಾಬಲೇಶ್ವರನ ದರ್ಶನ ಬೇಕಾದರೆ ನಡಿಗೆಗೆ ಮೊದಲೇ ಮುಗಿಸಿ. ಬರ್ಮುಡಾದಲ್ಲಿ ಬಿಡುವುದಿಲ್ಲ, ಗಂಡಸರಿಗೆ ಪಂಚೆ ಬೇಕು.

● ಶನಿವಾರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಉಸಿರಾಟದ ಸಲಕರಣೆ ಕಟ್ಟಿಕೊಂಡು ಕಡಲಡಿಗೆ ಇಳಿಯುವುದು) ಮುಗಿಸಿ ಅದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸಾಗಬಹುದೇ? ನನಗೆ ಈಜು ಬರುವುದಿಲ್ಲ. – ಬೆಂಗಳೂರು

ಈಜು ಬೇಕಿಲ್ಲ, ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಹನ್ನೆರಡು ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಮುರ್ಡೇಶ್ವರದಿಂದ ದ್ವೀಪ ಸುಮಾರು 19 ಕಿ.ಮೀ., ಬೋಟಿನಲ್ಲಿ ಒಂದು-ಒಂದೂವರೆ ಗಂಟೆ. ವಾಂತಿಯಾಗುವವರು ಮಾತ್ರೆಯನ್ನು ಬೋಟು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು. ತೊಳೆಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ.

ನೆಗಡಿಯಿದ್ದರೆ ಆ ದಿನ ಬಿಟ್ಟುಬಿಡಿ. ಕೆಳಕ್ಕೆ ಹೋದಂತೆ ಕಿವಿಯೊಳಗಿನ ಒತ್ತಡ ಸರಿಮಾಡಿಕೊಳ್ಳಬೇಕು: ಮೂಗು ಹಿಡಿದು ಮೆಲ್ಲಗೆ ಊದುವುದು. ನೋವು ಬಂದ ಮೇಲಲ್ಲ, ಬರುವ ಮೊದಲೇ ಒಂದೊಂದು ಮೀಟರಿಗೊಮ್ಮೆ. ಮೂಗು ಕಟ್ಟಿದ್ದರೆ ಇದು ಆಗದು, ಕಿವಿತಮಟೆಗೆ ಪೆಟ್ಟು ಬೀಳುತ್ತದೆ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇರುವವರು, ಬಸುರಿಯರು ಇಳಿಯಬಾರದು. ಬೋಟಿನಲ್ಲಿ ಕೊಡುವ ಆರೋಗ್ಯದ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಮಾಡಿ ಕೊಡುವವರೇ ಬಹಳ. ಮೇಲೇರುವಾಗ ಉಸಿರು ಕಟ್ಟಬೇಡಿ. ಶ್ವಾಸಕೋಶದಲ್ಲಿ ಹಿಡಿದಿಟ್ಟ ಗಾಳಿ ಹಿಗ್ಗುತ್ತದೆ.

ರಾತ್ರಿ ಬಸ್ಸಿನ ಮಾತು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತದೆ. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ವಿಮಾನಕ್ಕೆ ಇರುವ ನಿಯಮವೆಂದರೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾದರೆ 18 ಗಂಟೆ ಬಿಡಬೇಕು. ಆರುನೂರು ಮೀಟರ್ ದಾಟುವ ರಸ್ತೆಗೂ ಅದೇ ಲೆಕ್ಕ ಹಿಡಿಯುವುದು ಕ್ಷೇಮ. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಹತ್ತಕ್ಕೆ ಒಂದು ಡೈವ್ ಮುಗಿಸಿ ರಾತ್ರಿ ಎಂಟಕ್ಕೆ ಬಸ್ಸು ಹತ್ತಿದರೆ ಘಾಟಿ ಏರಿ ಮೇಲೆ ಬರುವಾಗ ಹನ್ನೆರಡು ಗಂಟೆ ಆಗಿರುತ್ತದೆ, ನಡೆಯುತ್ತದೆ. ಎರಡು ಡೈವ್ ಮಾಡಿದರೆ ಅಥವಾ ಮಧ್ಯಾಹ್ನ ಇಳಿದರೆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಭಾನುವಾರ ಹೊರಡಿ. ಬೆಳಿಗ್ಗೆ ಲಿಫ್ಟಿನಲ್ಲಿ ರಾಜಗೋಪುರ ಹತ್ತಿ 123 ಅಡಿಯ ಶಿವನನ್ನು ಮೇಲಿನಿಂದ ನೋಡಬಹುದು.

● ಕಾರಿಲ್ಲ. ರೈಲಿನಲ್ಲೇ ಕರಾವಳಿ ನೋಡಬಹುದೇ? ಕಡಲು ಯಾವ ಬದಿಗೆ ಕಾಣುತ್ತದೆ? – ಮೈಸೂರು

ಮಂಗಳೂರಿನಿಂದ ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕೆ ಇರುತ್ತದೆ, ಆದರೆ ಕಾಣುವುದಿಲ್ಲ! ಕೊಂಕಣ ರೈಲ್ವೆ ದಾರಿ ಒಳನಾಡಿನಲ್ಲೇ ಸಾಗುತ್ತದೆ. ಕಾಣುವುದು ನದಿಗಳು, ಗದ್ದೆ, ತೆಂಗು, ಸುರಂಗ. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಎರಡು ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅಲ್ಲಿ ಮಾತ್ರ ಬಾಗಿಲ ಬಳಿ ನೂಕುನುಗ್ಗಲು. ನಿಲ್ಲಬೇಡಿ, ಕಿಟಕಿಯಿಂದಲೇ ನೋಡಿ.

ಮಂಗಳೂರು-ಮಡಗಾಂವ್ ಪ್ಯಾಸೆಂಜರ್ ಸಣ್ಣ ಸ್ಟೇಷನ್ನುಗಳಲ್ಲೂ ನಿಲ್ಲುತ್ತದೆ, ಊರು ಬಿಟ್ಟು ಊರು ಸುತ್ತುವವರಿಗೆ ಅದೇ ಸರಿ. ಮುರ್ಡೇಶ್ವರದ ಸ್ಟೇಷನ್ ದೇವಸ್ಥಾನಕ್ಕೆ ಹತ್ತಿರ. ಉಡುಪಿಯದು ಇಂದ್ರಾಳಿಯಲ್ಲಿ, ಆಟೋ ಸಾಕು. ಗೋಕರ್ಣ ರೋಡ್ ಮಾತ್ರ ಊರಿಂದ ದೂರ, ಮಾದನಗೇರಿಯ ಬಳಿ. ರಾತ್ರಿ ಇಳಿಯುವವರು ಆಟೋ ಹೇಳಿಟ್ಟುಕೊಳ್ಳಿ. ಘಟ್ಟ ಇಳಿಯುವುದನ್ನೂ ನೋಡಬೇಕಿದ್ದರೆ ಬೆಂಗಳೂರು-ಮಂಗಳೂರು ಹಗಲು ರೈಲಿನ ಗಾಜಿನ ಬೋಗಿಗೆ, ಅದೇ ವಿಸ್ಟಾಡೋಮ್‌ಗೆ, ಮುಂಗಡ ಬುಕ್ ಮಾಡಿ. ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ.

● ಡಿಸೆಂಬರ್ ಕೊನೆಯಲ್ಲಿ ಹತ್ತು ದಿನ ಮಂಗಳೂರಿಗೆ ಬರುತ್ತೇವೆ. ದುಬೈಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಬೀಚು ಹೊಸತಲ್ಲ. ಬೇರೇನು ತೋರಿಸೋಣ? – ದುಬೈ

ಕಂಬಳ, ಯಕ್ಷಗಾನ. ಎರಡಕ್ಕೂ ಅದೇ ಹಂಗಾಮು.

ಕಂಬಳ ಶನಿವಾರ ಬೆಳಿಗ್ಗೆ ಶುರುವಾದರೆ ರಾತ್ರಿಯಿಡೀ ನಡೆದು ಭಾನುವಾರ ಮುಗಿಯುತ್ತದೆ. ಇಡೀ ಹೊತ್ತು ಮಕ್ಕಳು ಕೂರಲಾರರು. ಶನಿವಾರ ರಾತ್ರಿ ಏಳರಿಂದ ಹತ್ತು, ಫ್ಲಡ್ ಲೈಟಿನಲ್ಲಿ ಕೆಸರು ಹೊಳೆಯುವಾಗ, ಒಮ್ಮೆ. ಫೈನಲ್ ನೋಡಬೇಕಿದ್ದರೆ ಭಾನುವಾರ ಬೆಳಿಗ್ಗೆ ಇನ್ನೊಮ್ಮೆ. ಕೋಣಗಳು ಓಡುವ ಕರೆ ನೂರಮೂವತ್ತು-ನೂರನಲವತ್ತು ಮೀಟರಿನ ಆಸುಪಾಸು, ಓಟ ಮುಗಿಯುವುದು ಹನ್ನೆರಡು ಸೆಕೆಂಡಿನ ಒಳಹೊರಗೆ. ಮೊಬೈಲು ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ನಿಲ್ಲುವುದಾದರೆ ಓಟ ಮುಗಿಯುವ ಮಂಜೊಟ್ಟಿಯ ಕಡೆ, ಬೇಲಿಯಾಚೆಗೆ. ಕೋಣ ಅಲ್ಲಿ ಒಮ್ಮೆಲೇ ನಿಲ್ಲುವುದಿಲ್ಲ. ನೇಗಿಲು, ಹಗ್ಗ, ಅಡ್ಡಹಲಗೆ ಎಂಬ ವಿಭಾಗಗಳಲ್ಲಿ ವೇಗ ನೋಡುತ್ತಾರೆ. ಕನೆಹಲಗೆಯಲ್ಲಿ ಮಾತ್ರ ಲೆಕ್ಕ ಬೇರೆ: ಹಲಗೆಯಿಂದ ಚಿಮ್ಮಿದ ನೀರು ಮೇಲೆ ಆರೂವರೆ, ಏಳೂವರೆ ಕೋಲು (ಕಂಬಳದ ಅಳತೆ) ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಇದನ್ನು ಮೊದಲೇ ಹೇಳಿಟ್ಟರೆ ಮಕ್ಕಳು ಕೂಗುವುದನ್ನು ನಿಲ್ಲಿಸಲಾರಿರಿ.

ಯಕ್ಷಗಾನದ ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯ ದಿನದವರೆಗೆ. ಹರಕೆ ಆಟವಾದರೆ ಟಿಕೆಟ್ ಇಲ್ಲ, ಆಡಿಸುವವರ ಗುರುತಿರಬೇಕೆಂದೂ ಇಲ್ಲ. ಊರಿನ ದಿನಪತ್ರಿಕೆಯಲ್ಲಿ ಇಂದಿನ ಆಟ ಎಲ್ಲಿ ಎಂದು ಹಾಕಿರುತ್ತಾರೆ. ಕಾಲಮಿತಿಯ ಆಟ ನಡುರಾತ್ರಿಗೆ ಮುಗಿಯುತ್ತದೆ. ಒಂದೂವರೆ ಗಂಟೆ ಮೊದಲೇ ಹೋಗಿ, ಕೇಳಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಕಡ್ಡಿಯ ತುದಿಯಿಂದ ಮುಖಕ್ಕೆ ಚುಟ್ಟಿ ಇಡುವುದನ್ನು ನೋಡಿದ ಮಗು ರಂಗಸ್ಥಳದಲ್ಲಿ ಆ ರಾಕ್ಷಸ ಬಂದಾಗ ಹೆದರುವುದಿಲ್ಲ. ಫ್ಲ್ಯಾಶ್ ಹಾಕಿ ಫೋಟೊ ಬೇಡ.

ಮಂಗಳೂರಿನಲ್ಲೇ ಒಂದು ಬೆಳಗು ಖಾಲಿಯಿದ್ದರೆ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಛಾವಣಿಯ ಚಿತ್ರಗಳೆಲ್ಲ ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬಿಡಿಸಿದ್ದು.

● ಮಳೆಗಾಲದಲ್ಲಿ ಬರಬಹುದೇ? ಒಳ್ಳೆಯ ಮೀನೂಟ ಎಲ್ಲಿ? – ಬಳ್ಳಾರಿ

ಎರಡಕ್ಕೂ ಒಟ್ಟಿಗೇ ಉತ್ತರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಹೋಟೆಲಿನ ಅಂಜಲ್ ಮೀನು ಬಹುಪಾಲು ಐಸಿನದು, ದರವೂ ಜಾಸ್ತಿ. ಮಳೆಗಾಲಕ್ಕೆ ಬಂದರೆ ಪತ್ರೊಡೆ ತಿನ್ನಿ, ಕೆಸುವಿನ ಎಲೆ ಆಗಲೇ ಚಿಗುರುವುದು. ಬೋಟು, ಸ್ಕೂಬಾ ಏನೂ ಇರುವುದಿಲ್ಲ, ಕಡಲನ್ನು ದೂರದಿಂದ ನೋಡುವುದಷ್ಟೇ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸ ಬಿಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಬದಿಯ ಅಂಥದೇ ಜಾಗದ ಮೇಲೆ. ಘಾಟಿ ರಸ್ತೆ ತೆರೆದಿದೆಯೇ ಎಂದು ಹೊರಡುವ ಬೆಳಿಗ್ಗೆಯೇ ವಿಚಾರಿಸಿ.

ಮೀನಿಗಾಗಿಯೇ ಬರುವುದಾದರೆ ಸೆಪ್ಟೆಂಬರ್ ನಂತರ ಬನ್ನಿ. ಬಂಗುಡೆ, ಬೂತಾಯಿ ಅಗ್ಗ, ರುಚಿಗೇನೂ ಕಡಿಮೆಯಿಲ್ಲ. ಕಾಣೆ, ಅಂಜಲ್, ಪಾಂಫ್ರೆಟ್ ತುಂಡಿನ, ಗಾತ್ರದ ಮೇಲೆ ದರ. ಮೆನುವಿನಲ್ಲಿ ‘ಸೈಜಿಗೆ ತಕ್ಕಂತೆ’ ಎಂದಿದ್ದರೆ ಹುರಿಯುವ ಮೊದಲೇ ಮೀನು ತರಿಸಿ ನೋಡಿ, ದರ ಕೇಳಿ. ಕಣ್ಣು ಉಬ್ಬಿ ಹೊಳೆಯುತ್ತಿದ್ದು, ಕಿವಿರು ಕೆಂಪಗಿದ್ದರೆ ಹುರಿಯಲು ಹೇಳಿ. ಕಣ್ಣು ಗುಳಿಬಿದ್ದಿದ್ದರೆ ಅನ್ನ, ಸಾರು, ಒಣ ಸಿಗಡಿ ಚಟ್ನಿ ಸಾಕು.